ಸ್ಪೇಸ್ ಟಗ್ ಹಾರಾಟ ಯೋಜಿಸುವಾಗ ವಾಪಸಿನ ಲೆಕ್ಕ ಮೊದಲು

ಕಾಲೇಜು ಪ್ರಾಜೆಕ್ಟಿಗೋ ಸ್ಪರ್ಧೆಗೋ ಸ್ಪೇಸ್ ಟಗ್ (ಉಪಗ್ರಹಗಳನ್ನು ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಒಯ್ಯುವ ನೌಕೆ) ಯೋಜಿಸುತ್ತಿದ್ದೀರಾ, ಅದೂ ಮತ್ತೆ ಮತ್ತೆ ಬಳಸುವಂಥದ್ದು? ಹಾಗಾದರೆ ರಾಕೆಟ್ ಯಾವುದು ಅನ್ನೋದು ಆಮೇಲೆ. ಮೊದಲು ವಾಪಸ್ ಬರುವ ಇಂಧನದ ಲೆಕ್ಕ ಹಾಕಿ.

300 ಕಿ.ಮೀ. ಎತ್ತರದಿಂದ ಭೂಸ್ಥಿರ ಕಕ್ಷೆಗೆ (ಉಪಗ್ರಹ ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತಂತೆ ಕಾಣುವ ಎತ್ತರದ ಕಕ್ಷೆ) ಏರಲು ವೇಗವನ್ನು ಒಟ್ಟು ಸೆಕೆಂಡಿಗೆ ಸುಮಾರು 3.9 ಕಿ.ಮೀ.ನಷ್ಟು ಬದಲಿಸಬೇಕು. ಇಳಿಯಲೂ ಅಷ್ಟೇ ಬೇಕು. ಮಾಮೂಲಿ ದ್ರವ ಇಂಧನದ ಎಂಜಿನ್ ಆದರೆ, ಏನನ್ನೂ ಹೊರದೆ ಸುಮ್ನೆ ಹೋಗಿಬಂದರೂ, ಹೊರಡುವಾಗಿನ ತೂಕದಲ್ಲಿ ಶೇ. 90ಕ್ಕಿಂತ ಜಾಸ್ತಿ ಇಂಧನವೇ ಆಗಿಬಿಡುತ್ತದೆ. ವಿದ್ಯುತ್ ಥ್ರಸ್ಟರ್ (ವಿದ್ಯುತ್ತಿನಿಂದ ಮೆಲ್ಲಗೆ ತಳ್ಳುವ ಎಂಜಿನ್) ಹಾಕಿದರೆ ಇಂಧನ ಉಳಿಯುತ್ತದೆ, ಪ್ರಯಾಣ ಮಾತ್ರ ತಿಂಗಳುಗಟ್ಟಲೆ.

ಉಡಾವಣೆಯ ಸಮಯವನ್ನು ನೀವು ತಲುಪಬೇಕಾದ ಕಕ್ಷೆಯ ಸಮತಲ (ಆ ಕಕ್ಷೆ ಇರುವ ಚಪ್ಪಟೆ ತಲ) ನೋಡಿ ಗೊತ್ತುಮಾಡಿ. ಉಡಾವಣಾ ಕೇಂದ್ರ ಆ ಸಮತಲದ ಕೆಳಗೆ ಬರುವ ತನಕ ಕಾಯಿರಿ. ಕೆಳಕಕ್ಷೆಯಲ್ಲಿ ಸಮತಲವನ್ನು 10 ಡಿಗ್ರಿ ತಿರುಗಿಸೋಕೇ ಸೆಕೆಂಡಿಗೆ 1.3 ಕಿ.ಮೀ. ವೇಗ ಬದಲಾವಣೆಯ ಖರ್ಚು. ತಿರುಗಿಸಲೇಬೇಕು ಅಂದ್ರೆ ಮೇಲೆ ಹೋಗಿ ತಿರುಗಿಸಿ, ಅಲ್ಲಿ ವೇಗ ಕಡಿಮೆ.

ಈಗ ಹತ್ತಿರ ಹೋಗುವುದು. ಮುಂದಿರುವ ಉಪಗ್ರಹವನ್ನು ಹಿಡಿಯಬೇಕೆಂದು ನೇರವಾಗಿ ವೇಗ ಹೆಚ್ಚಿಸಿದರೆ ಕಕ್ಷೆ ದೊಡ್ಡದಾಗಿ, ಸುತ್ತು ನಿಧಾನವಾಗಿ, ನೀವು ಇನ್ನೂ ಹಿಂದೆ ಬೀಳುತ್ತೀರಿ. ವೇಗ ಇಳಿಸಿ ಕೆಳಗಿನ ಕಕ್ಷೆಗೆ ಹೋಗಿ, ಅಲ್ಲಿ ಸುತ್ತು ಬೇಗ ಮುಗಿಯುತ್ತದೆ. ಆಮೇಲೆ ನಿಂತು ನಿಂತು ಮುಂದುವರಿಯಿರಿ. ಇದನ್ನು ಕಲಿಯಲು, ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲೇ ಜೋಡಿಸುವ (ಡಾಕಿಂಗ್) ಪ್ರಯೋಗವಾದ ಇಸ್ರೋದ ಸ್ಪೇಡೆಕ್ಸ್‌ಗಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ತಲಾ 220 ಕೆ.ಜಿ.ಯ ಎರಡು ಉಪಗ್ರಹಗಳು 2024ರ ಡಿಸೆಂಬರ್ 30ರಂದು ಶ್ರೀಹರಿಕೋಟದಿಂದ ಹೊರಟವು. ಹತ್ತಿರವಾಗುವಾಗ ಅವು ನಿರೀಕ್ಷೆಗಿಂತ ಜಾಸ್ತಿ ಸರಿಯುತ್ತಿರುವುದು ಕಂಡಾಗ ಡಾಕಿಂಗ್ ಮುಂದೂಡಿದರು. ಇನ್ನೊಮ್ಮೆ 3 ಮೀಟರ್ ತನಕ ಬಂದು, ಹಿಂದೆ ಸರಿಸಿ, ದತ್ತಾಂಶ ನೋಡಿದರು. 2025ರ ಜನವರಿ 16ರಂದು ಜೋಡಿಸಿದರು, ಮಾರ್ಚ್ 13ರಂದು ಬಿಡಿಸಿದರು. ಅಷ್ಟು ಹತ್ತಿರ ಹೋಗಿ ಹಿಂದೆ ಸರಿಯೋಕೆ ಎಂಥ ಧೈರ್ಯ ಬೇಕು ಅಲ್ವಾ? ನಿಮ್ಮ ಯೋಜನೆಯಲ್ಲೂ ಪ್ರತಿ ನಿಲುಗಡೆಗೆ "ಇಷ್ಟು ಸರಿದರೆ ವಾಪಸ್" ಅನ್ನೋ ಮಿತಿ ಬರೆದಿಡಿ, ಹಾಗೆ ಹಿಂದೆ ಸರಿಯಲು ಬೇಕಾದ ಇಂಧನವನ್ನೂ ಎಣಿಸಿ.

ಬಿಡಿಸಿಕೊಳ್ಳುವುದನ್ನೂ ಅಷ್ಟೇ ಗಂಭೀರವಾಗಿ ಯೋಜಿಸಿ. ಎಮ್‌ಇವಿ-1 ಎಂಬ, ಹಳೆಯ ಉಪಗ್ರಹಗಳಿಗೆ ಅಂಟಿಕೊಂಡು ಅವನ್ನು ನಡೆಸುವ ನೌಕೆ 2020ರ ಫೆಬ್ರವರಿಯಲ್ಲಿ ಇಂಟೆಲ್‌ಸ್ಯಾಟ್ 901 ಎಂಬ ಸಂಪರ್ಕ ಉಪಗ್ರಹಕ್ಕೆ ಅಂಟಿಕೊಂಡಿತು. ಉಳಿದ ಉಪಗ್ರಹಗಳಿಗೆ ಅಪಾಯ ಬೇಡವೆಂದು ಆ ಕೆಲಸವನ್ನು ಭೂಸ್ಥಿರ ಕಕ್ಷೆಗಿಂತ ಸುಮಾರು 300 ಕಿ.ಮೀ. ಮೇಲೆ ಮಾಡಿದರು. ಐದು ವರ್ಷ ಅದಕ್ಕೆ ಎಂಜಿನ್ ಆಗಿ ದುಡಿದು, 2025ರಲ್ಲಿ ಅದನ್ನು ಮತ್ತೆ ಮೇಲಿನ ಕಕ್ಷೆಯಲ್ಲಿ ಬಿಟ್ಟು, ಮುಂದಿನ ಕೆಲಸಕ್ಕೆ ಹೊರಟಿತು. ನಿಮ್ಮ ಟಗ್‌ನ ಮೊದಲ ಗಿರಾಕಿಯ ಲೆಕ್ಕ ಮುಗಿಸುವ ಮೊದಲೇ ಎರಡನೆಯ ಗಿರಾಕಿ ಯಾವ ಕಕ್ಷೆಯಲ್ಲಿ ಇರುತ್ತಾನೆ ನೋಡಿಕೊಳ್ಳಿ.