ಗುಜರಿಗೆ ಹಾಕೋ ಮುಂಚೆ: ಮನೆಯ ಪ್ಲಾಸ್ಟಿಕ್ ಹೀಗೆ ಎತ್ತಿಡಿ

ಮಂಡ್ಯದಲ್ಲಿ ನಮ್ಮದೊಂದು ಗುಜರಿ ಅಂಗಡಿ. ಲೋಡ್ ಕಳಿಸೋದು, ರೇಟು ಮಾತಾಡೋದು ಯಜಮಾನರ ಕೆಲಸ. ತಕ್ಕಡಿ ಮುಂದೆ ಕೂತು, ಬಂದ ಚೀಲ ಬಿಚ್ಚಿ ವಿಂಗಡಿಸೋದು ನನ್ನದು. ಚೀಲದ ಬಾಯಿ ಬಿಚ್ಚಿದ ಕೂಡಲೇ ಮೂಗಿಗೇ ಗೊತ್ತಾಗುತ್ತೆ, ಇದು ಮಾರಾಟಕ್ಕೆ ಹೋಗೋ ಮಾಲೋ ತಿಪ್ಪೆಗೆ ಹೋಗೋ ಕಸವೋ ಅಂತ. ಎರಡರಲ್ಲೂ ಇರೋದು ಅದೇ ನಂದಿನಿ ಕವರ್. ಒಬ್ಬರು ತೊಳೆದು ಒಣಗಿಸಿದ್ದಾರೆ, ಇನ್ನೊಬ್ಬರು ಹಳಸಿದ ಸಾರಿನ ಜೊತೆ ಸೇರಿಸಿ ಗಂಟು ಕಟ್ಟಿದ್ದಾರೆ.

ಅದಕ್ಕೇ ಹಾಲಿನ ಕವರಿಂದಲೇ ಶುರು ಮಾಡ್ತೀನಿ. ದಿನಾ ಬೆಳಗ್ಗೆ ಪ್ರತಿ ಮನೇಲೂ ಬೀಳೋದು ಅದೇ ತಾನೆ. ಮೂಲೆಯನ್ನ ಪೂರ್ತಿ ಕತ್ತರಿಸಿ ತೆಗೀಬೇಡಿ, ಸ್ವಲ್ಪ ಅಂಟಿಕೊಂಡಿರೋ ಹಾಗೆ ಸೀಳಿ. ಆ ಚೂರನ್ನ ಯಾರೂ ಆರಿಸಲ್ಲ, ಪಾತ್ರೆ ತೊಳೆಯೋ ನೀರಲ್ಲಿ ಚರಂಡಿಗೆ ಹೋಗಿ ಅಲ್ಲಿಂದ ನಾಲೆ ಸೇರುತ್ತೆ. ಹಾಲು ಬಗ್ಗಿಸಿದ ಮೇಲೆ ಅರ್ಧ ಲೋಟ ನೀರು ಹಾಕಿ ಕುಲುಕಿ. ಹಸು ಇರೋರು ಆ ನೀರನ್ನ ಕಲಗಚ್ಚಿಗೆ ಹಾಕಿ, ಇಲ್ಲದೋರು ಗಿಡಕ್ಕೆ. ಆಮೇಲೆ ಒಂದು ಬದಿ ಉದ್ದಕ್ಕೂ ಸೀಳಿ, ಹಾಳೆ ಮಾಡಿ, ಬಟ್ಟೆ ತಂತಿಗೆ ಕ್ಲಿಪ್ ಹಾಕಿ. ಸೀಳದೆ ನೇತುಹಾಕಿದ್ರೆ ಒಳಗಿನ ತೇವ ಆರಲ್ಲ, ಹುಳಿ ವಾಸನೆ ಬರುತ್ತೆ, ಒಂದು ಕವರು ಇಡೀ ಚೀಲ ಕೆಡಿಸುತ್ತೆ. ಸೋಪೇನೂ ಬೇಡ. ಎಣ್ಣೆ ಕವರಿಗೆ ಮಾತ್ರ ಬೇಕು: ರಾತ್ರಿ ಪಾತ್ರೆ ಮೇಲೆ ಬೋರಲು ಹಾಕಿ ಎಣ್ಣೆ ಇಳಿಯೋಕೆ ಬಿಡಿ, ಬೆಳಗ್ಗೆ ಪಾತ್ರೆ ತೊಳೆದು ಉಳಿದ ಸೋಪಿನ ನೀರಲ್ಲಿ ಒಂದು ಸಲ ಉಜ್ಜಿ.

ಎರಡು ಅಕ್ಕಿ ಚೀಲ ಸಾಕು. ಒಂದಕ್ಕೆ ಕವರುಗಳು, ಇನ್ನೊಂದಕ್ಕೆ ಗಟ್ಟಿ ಮಾಲು, ಅಂದ್ರೆ ಬಾಟ್ಲಿ, ಡಬ್ಬ, ಒಡೆದ ಮಗ್ಗು, ಬಕೆಟ್ಟು. ಐದಾರು ಬಣ್ಣದ ಡಬ್ಬ ಇಡಿ ಅಂತ ಹೇಳೋರೂ ಇದ್ದಾರೆ. ಅದು ಒಂದು ವಾರ ನಡೆಯುತ್ತೆ, ಆಮೇಲೆ ಅದರಲ್ಲಿ ಈರುಳ್ಳಿ ತುಂಬ್ತಾರೆ.

ಗಟ್ಟಿ ಮಾಲಿನ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತೆ, ನೋಡಿ. 1 ಅಂದ್ರೆ ನೀರಿನ ಬಾಟ್ಲಿ, ಜ್ಯೂಸ್ ಬಾಟ್ಲಿ ಮಾಡೋ ಪೆಟ್ ಅನ್ನೋ ಪ್ಲಾಸ್ಟಿಕ್. 2 ಶಾಂಪೂ, ಫಿನಾಯಿಲ್ ಬಾಟ್ಲಿಗಳು. 4 ಹಾಲಿನ ಕವರಿನ ಜಾತಿ. 5 ಊಟದ ಡಬ್ಬಿ, ಮುಚ್ಚಳದಂಥವು. ಈ ನಾಲ್ಕಕ್ಕೆ ಕೊಳ್ಳೋರಿದ್ದಾರೆ. 3, 6, 7 ನಮ್ಮಲ್ಲಿ ಸುಮ್ಮನೆ ಜಾಗ ತಿನ್ನುತ್ತೆ. ಬಾಟ್ಲಿ ಮುಚ್ಚಳ ಬಿಚ್ಚಿ ಬೇರೆ ಹಾಕಿ ಅಂತ ನಾನು ಪೀಡಿಸೋದಕ್ಕೆ ಕಾರಣ ಇದೆ. ಬಾಟ್ಲಿಯೂ ಮುಚ್ಚಳವೂ ಒಂದೇ ಪ್ಲಾಸ್ಟಿಕ್ ಅಲ್ಲ. ನಂಬಿಕೆ ಬರದಿದ್ರೆ ಎರಡರಿಂದಲೂ ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿ. ಪೆಟ್ ಮುಳುಗುತ್ತೆ, ಮುಚ್ಚಳ ತೇಲುತ್ತೆ. ಮುಚ್ಚಳ ತೆಗೆದು ತುಳಿದ್ರೆ ಗಾಳಿ ಹೋಗಿ ಒಂದೇ ಚೀಲಕ್ಕೆ ಎಷ್ಟೋ ಜಾಸ್ತಿ ಹಿಡಿಯುತ್ತೆ ಅನ್ನೋದೂ ಉಂಟು. ಬಣ್ಣ ಇಲ್ಲದ ಬಾಟ್ಲಿಗೆ ಬೆಲೆ ಹೆಚ್ಚು, ಹಸಿರಿಗೆ ಕಮ್ಮಿ. ಈ ಬಾಟ್ಲಿ ಕರಗಿಸಿ ನೂಲು ತೆಗೀತಾರೆ. ಬಿಳಿ ನೂಲಿಗೆ ಯಾವ ಬಣ್ಣ ಬೇಕಾದ್ರೂ ಹಾಕಬಹುದು, ಹಸಿರು ಬಾಟ್ಲಿಯ ನೂಲು ಹಸಿರಾಗೇ ಉಳಿಯುತ್ತೆ.

ಚಿಪ್ಸ್, ಬಿಸ್ಕೆಟ್ ಪ್ಯಾಕೆಟ್ಟನ್ನ ಮುಷ್ಟಿಯಲ್ಲಿ ಮುದುರಿ ಬಿಡಿ. ಚರಚರ ಅಂತ ಮತ್ತೆ ಅರಳಿಕೊಳ್ತಾ, ಒಳಗಡೆ ಬೆಳ್ಳಿ ಥರ ಹೊಳೀತಾ? ಅದು ಪದರ ಪದರ ಅಂಟಿಸಿದ ಮಾಲು, ಬಿಡಿಸೋಕಾಗಲ್ಲ. ನಾವು ತಗೊಳಲ್ಲ, ಬೈಬೇಡಿ. ಹಾಗಂತ ಬೀದಿಗೂ ಎಸೀಬೇಡಿ. ಒಣ ಕಸದ ಗಾಡಿಗೆ ಕೊಟ್ಟರೆ, ಸರಿಯಾಗಿ ವಿಂಗಡಿಸಿದ ಕಡೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿಯಾದರೂ ಹೋಗುತ್ತೆ. ಪೇಪರ್ ಲೋಟವೂ ಹೆಸರಿಗೆ ಪೇಪರ್, ಒಳಗೆ ತೆಳು ಪ್ಲಾಸ್ಟಿಕ್ ಬಳಿದಿರ್ತಾರೆ. ಗೊಬ್ಬರದ ಗುಂಡಿಗೂ ಆಗಲ್ಲ, ನಮಗೂ ಆಗಲ್ಲ. ಬೀಗರ ಊಟ ಇಟ್ಟುಕೊಂಡಿರೋರು ಸ್ಟೀಲ್ ಲೋಟ ಬಾಡಿಗೆಗೆ ತನ್ನಿ, ಬಾಳೆಎಲೆ ಹಾಕಿ. ಥರ್ಮಾಕೋಲ್ ಅಲಂಕಾರ, ಪ್ಲಾಸ್ಟಿಕ್ ತಟ್ಟೆ ಲೋಟ ಚಮಚಕ್ಕೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ ಇದೆ, ಆದ್ರೂ ಛತ್ರದ ಹಿಂದಿನ ರಾಶಿ ನೋಡಿದ್ರೆ ಹಾಗನ್ನಿಸಲ್ಲ.

ಇನ್ನು ಒಲೆ ವಿಷಯ. ಹಂಡೆ ಒಲೆ ಹತ್ತಿಸೋಕೆ ಒಂದು ಕವರು ತುರುಕೋದು ನಮ್ಮ ಹಳ್ಳಿಗಳ ಕಡೆ ಮಾಮೂಲಿ. ಕೆಲವು ಆಲೆಮನೆಗಳಲ್ಲಂತೂ ಟೈರು, ಪ್ಲಾಸ್ಟಿಕ್ ಉರಿಸ್ತಾರೆ ಅನ್ನೋ ದೂರು ಹಳೇದು. ಪೈಪು, ವೈರಿನ ಹೊದಿಕೆ ಮಾಡೋ ಪಿವಿಸಿಯಂಥ ಪ್ಲಾಸ್ಟಿಕ್ ಸುಟ್ಟರೆ ಆಮ್ಲದ ಹೊಗೆ ಏಳುತ್ತೆ, ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಅದು ಹುಲ್ಲಿನ ಮೇಲೆ ಕೂತು, ಹಸುವಿನ ಹೊಟ್ಟೆ ಸೇರಿ, ಹಾಲಿನ ಜಿಡ್ಡಿಗೆ ಬರುತ್ತೆ. ಡೈರಿಗೆ ಹಾಲು ಹಾಕೋರು ಇದನ್ನ ತಿಳಿದಿರಲೇಬೇಕು. ಒಲೆಗೆ ತೆಂಗಿನ ಗರಿ ಇದೆ, ಕಬ್ಬಿನ ರವದಿ ಇದೆ. "ಉರುವಲಿಗೆ ಬೇಕು" ಅಂತ ಪ್ಲಾಸ್ಟಿಕ್ ಕೇಳಿಕೊಂಡು ಬರೋರಿಗೆ ನಮ್ಮ ಅಂಗಡೀಲಿ ಕೊಡಲ್ಲ, ನೀವೂ ಕೊಡಬೇಡಿ.

ಗದ್ದೆಗೆ ಹೊಡೆಯೋ ಔಷಧಿ ಬಾಟ್ಲಿಯನ್ನ ಮನೆ ಚೀಲಕ್ಕೆ ಸೇರಿಸಲೇಬೇಡಿ. ಮೂರು ಸಲ ಜಾಲಿಸಿ, ಆ ನೀರನ್ನ ಸಿಂಪಡಿಸೋ ಟ್ಯಾಂಕಿಗೇ ಹಾಕಿ, ಮತ್ತೆ ಯಾರೂ ಬಳಸದ ಹಾಗೆ ಬಾಟ್ಲಿಗೆ ತೂತು ಮಾಡಿ ಬೇರೆ ಇಡಿ. ತೊಳೆದಿದ್ದೀವಲ್ಲ ಅಂತ ಅದರಲ್ಲಿ ಸೀಮೆಎಣ್ಣೆ, ಕುಡಿಯೋ ನೀರು ತುಂಬಿಡೋ ಮನೆಗಳನ್ನ ನೋಡಿದ್ದೀನಿ. ಮಕ್ಕಳಿರೋ ಮನೆ ಕಣ್ರೀ ಅವು.

ಒಂದು ಮನೆಯ ಕವರು ಕೂಡಿಟ್ಟರೆ ತೂಕಕ್ಕೇ ಬರಲ್ಲ, ಅದಕ್ಕೇ ಜನ ಬೇಸರಪಟ್ಟು ಬಿಟ್ಟುಬಿಡ್ತಾರೆ. ಬೀದಿಯವರೆಲ್ಲ ಸೇರಿ ಒಬ್ಬರ ಮನೆ ಜಗುಲಿ ಮೇಲೆ ಚೀಲ ಇಡಿ. ಸ್ತ್ರೀಶಕ್ತಿ ಸಂಘ ಇದ್ದರೆ ಇನ್ನೂ ಸುಲಭ, ವಾರದ ಸಭೆಗೆ ಬರುವಾಗ ಎಲ್ಲರೂ ತಂದರಾಯ್ತು, ಬಂದ ದುಡ್ಡು ಸಂಘದ ಪುಸ್ತಕಕ್ಕೆ. ಹಳ್ಳಿಯಲ್ಲಾದ್ರೆ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಬರುತ್ತಾ ವಿಚಾರಿಸಿ. ಎಷ್ಟೋ ಕಡೆ ಅದನ್ನ ಓಡಿಸೋರು ಸಂಘದ ಹೆಣ್ಣುಮಕ್ಕಳೇ. ಅವರು ಒಣ ಕಸವನ್ನ ಸ್ವಚ್ಛ ಸಂಕೀರ್ಣಕ್ಕೆ ಒಯ್ದು ವಿಂಗಡಿಸ್ತಾರೆ.

ಅಂಗಡಿಗೆ ಬರೋ ಮುಂಚೆ ಆವತ್ತಿನ ರೇಟು ಫೋನಲ್ಲಿ ಕೇಳಿ. ಕಚ್ಚಾತೈಲ ಇಳಿದ್ರೆ ಹೊಸ ಪ್ಲಾಸ್ಟಿಕ್ ಅಗ್ಗವಾಗುತ್ತೆ, ಹಳೇದನ್ನ ಕೇಳೋರು ಕಮ್ಮಿಯಾಗ್ತಾರೆ, ಹೋದ ತಿಂಗಳ ರೇಟು ಈ ತಿಂಗಳು ಇರಲ್ಲ. ಎರಡೂ ಚೀಲ ಬೇರೆ ಬೇರೆ ತೂಗಿಸಿ. ಬೆರಕೆಯಾದ್ರೆ ಎಲ್ಲಕ್ಕೂ ಕಡಿಮೆ ಮಾಲಿನ ರೇಟೇ ಬೀಳುತ್ತೆ. ತೂಗೋ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿಕೊಳ್ಳಿ, ನಮ್ಮ ಅಂಗಡೀಲೂ ನೋಡಿ, ನಾನೇನೂ ಬೇಜಾರು ಮಾಡ್ಕೊಳಲ್ಲ. ಖಾಲಿ ಚೀಲ ವಾಪಸ್ ಕೇಳಿ ತಗೊಳ್ಳಿ.