ಬಾಟಲಿಯಲ್ಲಿ ಉಳಿದ ಎರಡು ಗುಟುಕು

ಹಾಸನದ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ನಾನು ನರ್ಸ್. ಹನ್ನೆರಡು ವರ್ಷದಿಂದ ದಿನಾ ಕೂಸುಗಳ ತೂಕ ನೋಡುತ್ತಿದ್ದೇನೆ. ಆದರೂ ನನ್ನ ಮಗಳ ತೂಕ ಏರುತ್ತಾ ಹೋದದ್ದು ನನ್ನ ಗಮನಕ್ಕೇ ಬರಲಿಲ್ಲ. ನಿಜ ಹೇಳಬೇಕೆಂದರೆ ಬಂದಿತ್ತು, ಖುಷಿಯಾಗಿತ್ತು.

ಮೂರು ತಿಂಗಳಿಗೇ ಕೆಲಸಕ್ಕೆ ಹೊರಟೆ. ಹಗಲು ಡಬ್ಬದ ಹಾಲು, ರಾತ್ರಿ ನನ್ನ ಹಾಲು. 30 ಮಿಲಿ ನೀರಿಗೆ ಒಂದು ಚಮಚ ಪುಡಿ, ಅದೂ ತಲೆ ಸವರಿದ ಚಮಚ ಅಂತ ಡಬ್ಬದ ಮೇಲೇ ಇತ್ತು. ಅತ್ತೆ ಮಾತ್ರ ಗೋಪುರದ ಹಾಗೆ ತುಂಬಿ ಹಾಕುತ್ತಿದ್ದರು. “ನೀರು ನೀರು ಹಾಲು ಕುಡಿದ್ರೆ ಮೈ ಹಿಡಿಯುತ್ತೇನವ್ವ?” ಅನ್ನೋರು. ಮಗು ಮುಖ ತಿರುಗಿಸಿದರೂ ಬಿಡುತ್ತಿರಲಿಲ್ಲ. ಉಳಿದ ಎರಡು ಗುಟುಕನ್ನು ಕೆನ್ನೆ ತಟ್ಟಿ ಕುಡಿಸೋರು. ನಾಲ್ಕನೇ ತಿಂಗಳಿಗೆ ನಿಪ್ಪಲ್ ತೂತು ದೊಡ್ಡದು ಮಾಡಿ ಅದರಲ್ಲೇ ರಾಗಿ ಸರಿ. ಬೈಯಲು ನನಗೆ ಬಾಯಿಲ್ಲ. ಸಂಜೆ ಬಂದ ತಕ್ಷಣ ನಾನೂ ಮೊದಲು ನೋಡುತ್ತಿದ್ದದ್ದು ಬಾಟಲಿ ಖಾಲಿಯಾಗಿದೆಯಾ ಅಂತಲೇ.

ಆರು ತಿಂಗಳಿಗೆ 9.2 ಕೆಜಿ. ಆ ವಯಸ್ಸಿನ ಹೆಣ್ಣುಮಗುವಿಗೆ ಬೆಳವಣಿಗೆ ಚಾರ್ಟಿನ ನಡುಗೆರೆ ಇರುವುದು 7.3ರ ಹತ್ತಿರ. ನಮ್ಮ ಕಣ್ಣು ಕೆಳಗೆ ಜಾರುವ ಮಕ್ಕಳನ್ನು ಹಿಡಿಯಲು ಪಳಗಿದೆ, ಮೇಲಕ್ಕೆ ಏರುವವರನ್ನಲ್ಲ. ಓಣಿಯವರೆಲ್ಲ “ಎಷ್ಟು ಗುಂಡುಗುಂಡಾಗಿದೆ” ಅಂದರು. ನಾವು ದೃಷ್ಟಿ ತೆಗೆದೆವು, ಅಷ್ಟೆ.

ಸಾಮಾನ್ಯವಾಗಿ ಮೊದಲ ವರ್ಷ ತುಂಬಿಕೊಂಡ ಮಗು ಓಡಾಡಲು ಶುರು ಮಾಡಿದ ಮೇಲೆ ತೆಳ್ಳಗಾಗುತ್ತದೆ. ಐದು-ಆರು ವರ್ಷದ ಹೊತ್ತಿಗೆ ಮತ್ತೆ ಮೈ ತುಂಬಲು ಶುರುವಾಗುತ್ತದೆ. ಆ ಎರಡನೇ ಏರಿಕೆ ಬೇಗ ಶುರುವಾದ ಮಕ್ಕಳಿಗೆ ಮುಂದೆ ಬೊಜ್ಜು ಬರುವ ಸಂಭವ ಜಾಸ್ತಿ. ನನ್ನ ಮಗಳಿಗೆ ಅದು ಮೂರಕ್ಕೇ ಶುರುವಾಗಿತ್ತು. ಐದು ತುಂಬಿದಾಗ 109 ಸೆಂ.ಮೀ. ಎತ್ತರಕ್ಕೆ 23 ಕೆಜಿ. ಡಾಕ್ಟರು ಕಾರ್ಡನ್ನು ನನ್ನ ಕಡೆ ತಿರುಗಿಸಿ, “ಸಿಸ್ಟರ್, ನೀವೇ ನೋಡಿ” ಅಂದರು.

ಆಗ ನಾನು ಮತ್ತೆ ಬಸುರಿ. ಸಿಕ್ಕಿದ್ದೆಲ್ಲ ಓದಿದೆ. ತಾಯಿಹಾಲು ಕುಡಿದವರಿಗೆ ಬೊಜ್ಜೇ ಬರಲ್ಲ ಅಂತ ಮೊದಲು ನಂಬಿದ್ದೆ. ಅದು ಅಷ್ಟು ಸರಳವಲ್ಲ. ಬೆಲಾರೂಸ್‌ನಲ್ಲಿ 1996-97ರಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳ ಅಧ್ಯಯನವಿದೆ. ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ತಾಯಂದಿರಿಗೆ ಹಾಲೂಡಿಸಲು ಹೆಚ್ಚಿನ ಒತ್ತಾಸೆ ಕೊಟ್ಟರು. ಅಲ್ಲಿ ತಾಯಿಹಾಲು ಕುಡಿದವರು ಹೆಚ್ಚಾದರು, ಭೇದಿ ಕಡಿಮೆಯಾಯಿತು. ಆದರೆ ಆರೂವರೆ ವರ್ಷಕ್ಕೆ ನೋಡಿದಾಗ ಬೊಜ್ಜು ಕಡಿಮೆಯಾಗಿರಲಿಲ್ಲ. ಇನ್ನೊಂದು ಕಡೆ, ಯುರೋಪಿನ ಐದು ದೇಶಗಳಲ್ಲಿ ಡಬ್ಬದ ಹಾಲಿನದೇ ಎರಡು ಬಗೆ ಮಾಡಿ ಕೊಟ್ಟು ನೋಡಿದ್ದಾರೆ. ಪ್ರೊಟೀನ್ ಜಾಸ್ತಿ ಇದ್ದದ್ದನ್ನು ಕುಡಿದ ಮಕ್ಕಳಲ್ಲಿ ಆರು ವರ್ಷಕ್ಕೆ ಬೊಜ್ಜು ಜಾಸ್ತಿ. ಹಸುವಿನ ಹಾಲಿನಲ್ಲಂತೂ ಪ್ರೊಟೀನ್ ತಾಯಿಹಾಲಿನ ಮೂರು ಪಟ್ಟು. ಅತ್ತೆಯ ಗೋಪುರದ ಚಮಚ ನೆನಪಾಯಿತು.

ಮಗ ಹುಟ್ಟಿದ ಮೇಲೆ ಕ್ಲಿನಿಕ್‌ನಲ್ಲಿ ಕಾಡಿ ಬೇಡಿ ಆರು ತಿಂಗಳು ರಜೆ ತೆಗೆದುಕೊಂಡೆ. ಅಲ್ಲಿಯವರೆಗೆ ನೀರನ್ನೂ ಕೊಡಲಿಲ್ಲ. ಆಮೇಲೆ ಬೆಳಿಗ್ಗೆ ಹಾಲು ಹಿಂಡಿ ಸ್ಟೀಲ್ ಲೋಟದಲ್ಲಿ ಮುಚ್ಚಿ ಫ್ರಿಡ್ಜಿನಲ್ಲಿಟ್ಟು ಹೋಗುತ್ತಿದ್ದೆ. ಮೊದಲ ವಾರ ಅರ್ಧ ಲೋಟವೂ ಆಗುತ್ತಿರಲಿಲ್ಲ, ಬಚ್ಚಲಲ್ಲಿ ಕೂತು ಅತ್ತಿದ್ದೂ ಉಂಟು. ಬಾಟಲಿ ಮನೆಗೇ ತರಲಿಲ್ಲ. ಅತ್ತೆ ಅಟ್ಟದಿಂದ ಹಳೇ ಬೆಳ್ಳಿ ಒಳಲೆ ಇಳಿಸಿದರು, ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು. ಒಳಲೆಯಲ್ಲಿ ಬಾಯಿ ಮುಚ್ಚಿದ ಮಗುವಿಗೆ ಕುಡಿಸಲು ಆಗೋದಿಲ್ಲ, ಹೊರಗೇ ಸುರಿಯುತ್ತದೆ. ಅದಕ್ಕೇ ನನಗೆ ಅದು ಇಷ್ಟವಾಯಿತು. ರಾಗಿ ಸರಿ ಗಟ್ಟಿಯಾಗಿ, ಚಮಚದಲ್ಲಿ. ಬೆಲ್ಲ, ಸಕ್ಕರೆ ಇಲ್ಲ. ಬಿಸ್ಕತ್ತು ಅದ್ದಿ ತಿನ್ನಿಸೋದಂತೂ ಇಲ್ಲವೇ ಇಲ್ಲ. ಹಸುವಿನ ಹಾಲು ಕುಡಿಯಲು ಕೊಟ್ಟದ್ದು ವರ್ಷ ತುಂಬಿದ ಮೇಲೆ, ದಿನಕ್ಕೆ ಎರಡು ಲೋಟಕ್ಕಿಂತ ಜಾಸ್ತಿ ಇಲ್ಲ.

ಅವನು ವರ್ಷಕ್ಕೆ 9.2 ಕೆಜಿ. ಅಕ್ಕ ಆರು ತಿಂಗಳಿಗೇ ಇದ್ದಷ್ಟು! “ಸೊರಗಿದಾನೆ” ಅಂತ ಅದೇ ಓಣಿಯವರು. ನಾನು ಚಾರ್ಟ್ ತೋರಿಸುತ್ತಿದ್ದೆ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಆ ಗೆರೆಗಳನ್ನು ನಮ್ಮ ದೆಹಲಿಯ ಮಕ್ಕಳೂ ಸೇರಿ ಆರು ದೇಶಗಳ, ತಾಯಿಹಾಲು ಕುಡಿದ ಮಕ್ಕಳನ್ನು ಅಳೆದು ಎಳೆದದ್ದು. ಅದರಲ್ಲಿ ಅವನು ನಡುಗೆರೆಗಿಂತ ಒಂದು ಚೂರು ಕೆಳಗೆ, ಆದರೆ ಆ ಗೆರೆಯ ಜೊತೆಜೊತೆಗೇ ಏರುತ್ತಿದ್ದ. ಓಣಿಯವರು ಚಾರ್ಟ್ ನೋಡಿ ತಲೆಯಾಡಿಸಿ, ಮಾರನೇ ದಿನ ಮತ್ತೆ ಅದೇ ಮಾತು.

ಇಬ್ಬರೇ ಮಕ್ಕಳನ್ನು ನೋಡಿ, ಕುಡಿಸಿದ ರೀತಿಯೇ ಕಾರಣ ಅನ್ನಲಾಗದು. ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಸಕ್ಕರೆ ಕಾಯಿಲೆ ಇತ್ತು, ಅದೂ ಒಂದು ಕಾರಣವಿರಬಹುದು. ಮೈಕಟ್ಟು ನನ್ನ ಅಪ್ಪನದೇ.

ಮಗಳಿಗೀಗ ಹತ್ತು. ಪಥ್ಯ ಮಾಡಿಸಿಲ್ಲ. ತಟ್ಟೆ ಚಿಕ್ಕದು ಮಾಡಿದ್ದೇವೆ, ಸಂಜೆ ಸೈಕಲ್. ಅವಳು ಈಗಲೂ ತಟ್ಟೆಯಲ್ಲಿ ಒಂದು ಅಗುಳು ಬಿಡುವುದಿಲ್ಲ. ಮಗ ಅರ್ಧ ಇಡ್ಲಿ ಬಿಟ್ಟು ಏಳುತ್ತಾನೆ. ಅತ್ತೆ ಅದನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ತಟ್ಟೆ ಎತ್ತಿಕೊಂಡು ತಾವೇ ತಿಂದುಬಿಡುತ್ತಾರೆ.