ನೆದರ್‌ಲ್ಯಾಂಡ್ಸ್‌ಗೆ ಹೊರಟವರು ಮೊದಲು ನೋಡಬೇಕಾದದ್ದು ಫ್ಯೂಸಿನ ಮೇಲಿನ ಅಂಕಿ

ನೆದರ್‌ಲ್ಯಾಂಡ್ಸ್‌ನಿಂದ ನಾನು ರಜೆಗೆಂದು ದಾವಣಗೆರೆಯ ವಿದ್ಯಾನಗರದ ಮನೆಗೆ ಬಂದಿದ್ದಾಗ, ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬ ಅಲ್ಲಿನ ಐಂಡ್‌ಹೋವನ್‌ನಿಂದ ತನ್ನ ಕರೆಂಟ್ ಬಿಲ್ಲಿನ ಚಿತ್ರ ಕಳಿಸಿ, "ಅಣ್ಣಾ, ಹಗಲೆಲ್ಲ ಆಫೀಸಿನಲ್ಲೇ ಇರ್ತೀನಿ, ಇಷ್ಟೊಂದು ಹೆಂಗೆ ಬಂತು?" ಎಂದು ಕೇಳಿದ. ನಾನು ಯೂನಿಟ್‌ಗಳ ಲೆಕ್ಕವನ್ನು ನೋಡಲೇ ಇಲ್ಲ. ನೇರವಾಗಿ 'ನೆಟ್‌ಬಹೇರ್‌ಕೊಸ್ಟನ್', ಅಂದರೆ ತಂತಿಜಾಲದ ಶುಲ್ಕ ಎಂಬ ಸಾಲಿಗೆ ಹೋದೆ. ಬೇಡದಷ್ಟು ದೊಡ್ಡ ಸಂಪರ್ಕಕ್ಕೆ ಶುಲ್ಕ ಕಟ್ಟುವ ಈ ತಪ್ಪನ್ನು ನಮ್ಮ ಕಡೆಯವರಲ್ಲಿ ಕಂಡದ್ದು ಇದು ನಾಲ್ಕನೆಯ ಸಲ, ಮತ್ತು ಆ ನಾಲ್ಕರಲ್ಲಿ ಮೊದಲನೆಯದು ನನ್ನದೇ.

ನಮ್ಮಲ್ಲಿ ತಂತಿಯೂ ಬೆಸ್ಕಾಂನದೇ, ಕರೆಂಟ್ ಮಾರುವುದೂ ಬೆಸ್ಕಾಂ. ಹೀಗಾಗಿ ಬಯ್ಯುವುದಕ್ಕೆ ಒಂದೇ ವಿಳಾಸ ಸಾಕು. ಅಲ್ಲಿ ಕಾನೂನು ಇವೆರಡನ್ನೂ ಬೇರೆ ಮಾಡಿದೆ. ಕರೆಂಟ್ ಮಾರುವ ಕಂಪನಿಯನ್ನು ನೀವು ಆರಿಸಿಕೊಳ್ಳಬಹುದು, ಆದರೆ ಲಿಯಾಂಡರ್, ಎನೆಕ್ಸಿಸ್, ಸ್ಟೆಡಿನ್ ಮುಂತಾದ ತಂತಿಯ ಕಂಪನಿಗಳಲ್ಲಿ ನಿಮಗೆ ಯಾವುದು ಎಂಬುದು ಮನೆ ಇರುವ ಊರಿನ ಮೇಲೆಯೇ ತೀರ್ಮಾನವಾಗಿರುತ್ತದೆ. ದೊಡ್ಡ ತಂತಿಗಳಲ್ಲಿ ಕರೆಂಟ್ ಸಾಗಿಸುವ, ನಮ್ಮಲ್ಲಿ ಕೆಪಿಟಿಸಿಎಲ್ ಮಾಡುವ ಕೆಲಸ ಅಲ್ಲಿ ಟೆನೆಟ್‌ನದು. ಕೆಇಆರ್‌ಸಿಯಂತೆ ದರಕ್ಕೆ ಕಡಿವಾಣ ಹಾಕುವುದು ಎಸಿಎಂ ಎಂಬ ನಿಯಂತ್ರಣ ಸಂಸ್ಥೆ. ವಿದ್ಯುತ್ ಉತ್ಪಾದಿಸುವವರು ಸಾಗಣೆ ಶುಲ್ಕ ಕೊಡುವುದಿಲ್ಲ, ಜಾಲದ ಖರ್ಚು ಬಳಸುವವರ ಮೇಲೆಯೇ ಬೀಳುತ್ತದೆ. ಬಾಡಿಗೆ ಮನೆಯಾದರೆ ಕರೆಂಟಿನ ಒಪ್ಪಂದ ಯಾರ ಹೆಸರಿನಲ್ಲಿದೆಯೋ ಅವರೇ ಕೊಡಬೇಕು. ಈ ಶುಲ್ಕವನ್ನು ಕರೆಂಟ್ ಮಾರುವ ಕಂಪನಿಯೇ ವಸೂಲಿ ಮಾಡಿ ತಂತಿಯವರಿಗೆ ದಾಟಿಸುವುದರಿಂದ ನಿಮ್ಮ ಕೈಗೆ ಬರುವುದು ಒಂದೇ ಬಿಲ್ಲು. ಅದರ ಮೇಲೆ, 2025ರಲ್ಲಿ ಸುಮಾರು 635 ಯೂರೊಗಳಷ್ಟಿದ್ದ ವಾರ್ಷಿಕ ತೆರಿಗೆ ರಿಯಾಯಿತಿಯೂ ಅದೇ ಬಿಲ್ಲಿನಲ್ಲಿ ಕಡಿತವಾಗುವುದರಿಂದ, ತಂತಿಗೆ ಎಷ್ಟು ಹೋಯಿತು ಎಂಬುದು ಹೊಸಬರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ನಾನು ಬಿದ್ದ ಗುಂಡಿಯ ವಿಷಯ. 2009ರಿಂದ ಅಲ್ಲಿ ಮನೆಗಳ ತಂತಿ ಶುಲ್ಕಕ್ಕೂ ಬಳಕೆಗೂ ಸಂಬಂಧವಿಲ್ಲ. ಮನೆಗೆ ಬಂದಿರುವ ಸಂಪರ್ಕ ಎಷ್ಟು ದೊಡ್ಡದು ಎಂಬುದಷ್ಟೇ ಲೆಕ್ಕ. ಸಾಮಾನ್ಯ ಮನೆಗೆ ಮೂರು ಫೇಸ್, 25 ಆಂಪಿಯರ್ ಇರುತ್ತದೆ; ಮುಖ್ಯ ಫ್ಯೂಸಿನ ಮೇಲಿರುವುದು ಈ ಆಂಪಿಯರ್ ಅಂಕಿಯೇ. ಅದರ ಮುಂದಿನ ಮೆಟ್ಟಿಲು ಮೂರು ಫೇಸ್, 35 ಆಂಪಿಯರ್. ಮೊದಲನೆಯದರಲ್ಲಿ ಸುಮಾರು 17 ಕಿಲೋವ್ಯಾಟ್ ಎಳೆಯಬಹುದು, ಎರಡನೆಯದರಲ್ಲಿ 24. ಅಂದರೆ ತಂತಿಯಲ್ಲಿ ಇರುವ ಹೆಚ್ಚಳ ಶೇಕಡಾ 40 ಮಾತ್ರ. ಆದರೆ ದರ ಹಾಕುವಾಗ, ಮನೆಗಳೆಲ್ಲ ಒಂದೇ ಸಲಕ್ಕೆ ಪೂರ್ತಿ ಎಳೆಯುವುದಿಲ್ಲ ಎಂಬ ಊಹೆಯ ಮೇಲೆ ಮೊದಲನೆಯದನ್ನು 4 ಕಿಲೋವ್ಯಾಟ್ ಎಂದೂ, ಎರಡನೆಯದನ್ನು 20 ಕಿಲೋವ್ಯಾಟ್ ಎಂದೂ ಹಿಡಿಯುತ್ತಾರೆ. ಕಾಗದದ ಮೇಲೆ ಐದು ಪಟ್ಟು! ಇದರಿಂದ ವರ್ಷದ ಶುಲ್ಕ ಮೂರು ಪಟ್ಟಿಗೂ ಮೀರಿ, ಸಾವಿರ ಯೂರೊಗೂ ಹೆಚ್ಚು ಜಾಸ್ತಿಯಾಗುತ್ತದೆ.

ನನ್ನ ಬಾಡಿಗೆ ಮನೆಯಲ್ಲಿ ಹಿಂದೆ ಇದ್ದವರು ಮಣ್ಣಿನ ಪಾತ್ರೆ ಸುಡುವ ವಿದ್ಯುತ್ ಕುಲುಮೆ ಇಟ್ಟುಕೊಂಡಿದ್ದರಂತೆ. ಅವರು ಕುಲುಮೆಯನ್ನು ಹೊತ್ತೊಯ್ದರು, 35 ಆಂಪಿಯರ್ ನನಗೆ ಉಳಿಯಿತು. ಎರಡು ವರ್ಷ ನಾನು ಕರೆಂಟ್ ಮಾರುವವರನ್ನೇ ದೂರುತ್ತಾ, ಎರಡು ಸಲ ಕಂಪನಿ ಬದಲಿಸಿ, ಹೆಂಡತಿಯೊಡನೆ ಇಸ್ತ್ರಿಪೆಟ್ಟಿಗೆಯ ವಿಷಯಕ್ಕೆ ಜಗಳವನ್ನೂ ಆಡಿದೆ. ಕಂಪನಿ ಬದಲಿಸಿದರೆ ತಂತಿಯ ಶುಲ್ಕ ಒಂದು ಸೆಂಟೂ ಇಳಿಯುವುದಿಲ್ಲ ಎಂಬುದು ಹೊಳೆಯುವ ಹೊತ್ತಿಗೆ ಎರಡು ಸಾವಿರ ಯೂರೊಗೂ ಹೆಚ್ಚು ಹೋಗಿತ್ತು. ಹಳೆಯದನ್ನು ಹಿಂದಿರುಗಿಸಲು ತಂತಿಯವರು ಒಪ್ಪಲಿಲ್ಲ.

ನಾಚಿಕೆಯ ಸಂಗತಿಯೆಂದರೆ, ನನ್ನ ಅಪ್ಪ ಹಿಟ್ಟಿನ ಗಿರಣಿ ನಡೆಸಿದವರು. ಖಾರದಪುಡಿಯ ಮಷೀನು ನಿಲ್ಲಿಸಿದ ತಿಂಗಳೇ ಅವರು ಬೆಸ್ಕಾಂಗೆ ಅರ್ಜಿ ಕೊಟ್ಟು ಮಂಜೂರಾದ ಎಚ್‌ಪಿಯನ್ನು ಇಳಿಸಿದ್ದರು. "ಓಡದ ಮೋಟರಿಗೆ ಯಾಕೆ ಬಾಡಿಗೆ ಕಟ್ಟಬೇಕು?" ಎಂದಿದ್ದರು. ಆ ಬಿಲ್ಲು ಈಗಲೂ ಅಡುಗೆಮನೆಯ ಬಾಗಿಲ ಹಿಂದೆ, ತಂತಿಗೆ ಚುಚ್ಚಿದ ಕಂತೆಯಲ್ಲಿದೆ. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ: ನಮ್ಮಲ್ಲಿ ನಿಗದಿತ ಶುಲ್ಕ ಲೋಡ್ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅಲ್ಲಿ ಒಂದೇ ಹೆಜ್ಜೆಗೆ ಪ್ರಪಾತ. ಕರೆಂಟ್ ಹೋಗದಿರುವ ವಿಷಯದಲ್ಲಿ ಮಾತ್ರ ಹೋಲಿಕೆ ಬೇಡ.

ಆದ್ದರಿಂದ ಮನೆ ನೋಡಲು ಹೋದಾಗಲೇ ಮುಂಬಾಗಿಲ ಬಳಿಯ ಮೀಟರ್ ಕಪಾಟನ್ನು ತೆರೆದು ಮುಖ್ಯ ಫ್ಯೂಸಿನ ಮೇಲಿನ ಅಂಕಿಯನ್ನು ಓದಿ. ಅದರ ಸೀಲನ್ನು ಮುಟ್ಟಬೇಡಿ. ನಮ್ಮ ಆರ್‌ಆರ್ ನಂಬರಿನಂತೆ ಅಲ್ಲಿ 18 ಅಂಕಿಯ ಇಎಎನ್ ಸಂಖ್ಯೆ ಇರುತ್ತದೆ. ಅದನ್ನು ಹೇಳಿದರೆ ಸಂಪರ್ಕದ ಗಾತ್ರವನ್ನು ತಂತಿಯವರು ತಿಳಿಸುತ್ತಾರೆ. 35 ಇದ್ದರೆ ಮಾಲೀಕರ ಒಪ್ಪಿಗೆ ಪಡೆದು, 'ಮೈನ್‌ಆನ್‌ಸ್ಲೌಟಿಂಗ್' ಜಾಲತಾಣದಲ್ಲಿ ಇಳಿಸಲು ಅರ್ಜಿ ಹಾಕಿ. ಕಾರ್ ಚಾರ್ಜರ್ ಮಾರುವವರು 35 ಬೇಕೇಬೇಕು ಎಂದರೆ ತಕ್ಷಣ ನಂಬಬೇಡಿ. ಮನೆಯ ಉಳಿದ ಬಳಕೆ ನೋಡಿಕೊಂಡು ತಾನೇ ತಗ್ಗುವ ಚಾರ್ಜರ್ ಹಾಕಿಸಿದರೆ ಸಾಮಾನ್ಯವಾಗಿ 25 ಸಾಲುತ್ತದೆ. ಆದರೆ ನಿಜವಾಗಿ ಬೇಕಿದ್ದವರು ಇಳಿಸಲು ಆತುರಪಡಬಾರದು, ಏಕೆಂದರೆ ಅಲ್ಲಿನ ಜಾಲ ಎಷ್ಟೋ ಕಡೆ ತುಂಬಿಹೋಗಿದ್ದು, ಬಿಟ್ಟುಕೊಟ್ಟದ್ದು ಮತ್ತೆ ಬೇಗ ಸಿಗುವ ಖಾತರಿಯಿಲ್ಲ.

ಐಂಡ್‌ಹೋವನ್‌ನ ಹುಡುಗನ ಅರ್ಜಿ ಹೋಗಿದೆ. ಮಾಲೀಕರ ಒಪ್ಪಿಗೆ ಪತ್ರಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರದ 35 ಆಂಪಿಯರ್‌ನ ಶುಲ್ಕವೂ ಅವನ ಲೆಕ್ಕಕ್ಕೇ.